ಹಗೇವಿನ ಸೀಮೆಗೆ ಬಂದ ಚಹಾಪುಡಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಮನೆಗಳಲ್ಲಿ ಚಹಾಪುಡಿಯನ್ನು ಹೇಗೆ ಇಡುತ್ತಾ ಬಂದರು ಎಂಬುದು ತಿಳಿಯಬೇಕಾದರೆ, ಮೊದಲು ಜೋಳವನ್ನು ಹೇಗೆ ಇಡುತ್ತಿದ್ದರು ಎಂಬುದನ್ನು ನೋಡಬೇಕು. ಇಲ್ಲಿನ ಹಳ್ಳಿಗಳಲ್ಲಿ ಗಟ್ಟಿ ನೆಲ ಕಂಡಲ್ಲಿ ಹಗೇವು ತೋಡುತ್ತಿದ್ದರು. ಬಾಯಿ ಕಿರಿದು, ಒಡಲು ಅಗಲ. ಒಳಗೋಡೆಗೆ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಒಳಗಿನ ಪ್ರಾಣವಾಯುವನ್ನು ಕಾಳೇ ತೀರಿಸಿಬಿಡುವುದರಿಂದ ಹುಳು ಉಳಿಯುತ್ತಿರಲಿಲ್ಲ, ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ವಾಡಿಕೆ. ಮಳೆ ನೆಚ್ಚಲಾಗದ ನಾಡಿನಲ್ಲಿ, 1876–78ರ ಮಹಾಕ್ಷಾಮ ಕಂಡ ಜಿಲ್ಲೆಯಲ್ಲಿ, ಮನೆಯ ಬಲವನ್ನು ಅಳೆಯುತ್ತಿದ್ದುದು ಹಗೇವಿನ ಆಳದಿಂದ. ಗಾಳಿ ಮತ್ತು ತೇವವನ್ನು ಹೊರಗಿಡುವ ವಿದ್ಯೆಯನ್ನು ಇಲ್ಲಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಆದರೂ ಚಹಾಪುಡಿ ಬಂದಾಗ ಅದನ್ನು ಯಾರೂ ಕೂಡಿಡಲಿಲ್ಲ. ಏಕೆ?

1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಬಳ್ಳಾರಿ ದಂಡಿನ ಊರಾಯಿತು. 1871ರ ಹೊತ್ತಿಗೆ ರೈಲೂ ಬಂತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಚಹಾ ದಂಡಿನವರ, ದೊರೆಗಳ ಬಂಗಲೆಗಳ ಪಾನೀಯವಾಗಿತ್ತು. ಅದು ಊರೊಳಗೆ ಇಳಿದದ್ದು ವ್ಯಾಪಾರದ ಒತ್ತಡದಿಂದ. ತೋಟದ ಮಾಲೀಕರು ತಾವೇ ಕೇಳಿಕೊಂಡು 1903ರಲ್ಲಿ ರಫ್ತಿನ ಚಹಾದ ಮೇಲೆ ಪ್ರಚಾರಕ್ಕೆಂದು ಕರ ಹಾಕಿಸಿಕೊಂಡರು. 1930ರ ಸುಮಾರಿಗೆ ಲೋಕದ ಪೇಟೆಗಳೆಲ್ಲ ಕುಸಿದವು. 1933ರ ಅಂತರರಾಷ್ಟ್ರೀಯ ಒಪ್ಪಂದ ರಫ್ತಿಗೆ ಮಿತಿ ಹಾಕಿತು. ಉಳಿದ ಮಾಲನ್ನು ಭಾರತದವರಿಗೇ ಕುಡಿಸಬೇಕಾಯಿತು. 1937ರಿಂದ ಚಹಾ ಮಾರುಕಟ್ಟೆ ವಿಸ್ತರಣಾ ಮಂಡಳಿ ದೇಶದ ರೈಲು ನಿಲ್ದಾಣಗಳಲ್ಲಿ ಚಹಾ ಕಾಯಿಸುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆದ ಫಲಕ ನಿಲ್ಲಿಸಿತು, ಮನೆಮನೆಗೆ ಜನರನ್ನು ಕಳಿಸಿತು. ಮಾರಿದ್ದು ಕೂಲಿಯವನ ಕೈಗೆಟುಕುವ ಪುಟ್ಟ ಪೊಟ್ಟಣಗಳನ್ನು. ನನ್ನ ವಾದ ಇಲ್ಲಿಂದಲೇ ಹೊರಡುತ್ತದೆ. ಚಹಾ ಈ ಮನೆಗಳಿಗೆ ಬಂದದ್ದು ಸುಗ್ಗಿಯ ಲೆಕ್ಕದಲ್ಲಿ ಅಲ್ಲ, ದಿನಗೂಲಿಯ ಲೆಕ್ಕದಲ್ಲಿ. ಕೊಂಡ ರೀತಿಯೇ ಇಡುವ ರೀತಿಯನ್ನು ಗೊತ್ತುಮಾಡಿತು.

ಉಪ್ಪು, ಸೀಮೆಎಣ್ಣೆಯನ್ನೂ ಹೊರಗಿನಿಂದ ಕೊಳ್ಳುತ್ತಿರಲಿಲ್ಲವೆ, ಚಹಾದ್ದೇನು ವಿಶೇಷ ಎಂದು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಉಪ್ಪನ್ನು ಸಂತೆಯಲ್ಲಿ ಅಳೆಸಿಕೊಂಡು ಗಡಿಗೆ ತುಂಬಿದರೆ ತಿಂಗಳುಗಟ್ಟಲೆ ಅದು ಉಪ್ಪಾಗಿಯೇ ಇರುತ್ತದೆ, ಸೀಮೆಎಣ್ಣೆಯೂ ಹಾಗೆಯೇ. ಚಹಾಪುಡಿ ಹಾಗಲ್ಲ. ಕಾರ್ಖಾನೆಯಲ್ಲಿ ಒಣಗಿ ಹೊರಬಂದಾಗ ಅದರಲ್ಲಿ ತೇವ ನೂರಕ್ಕೆ ಮೂರರಷ್ಟು ಮಾತ್ರ. ಅದು ಎರಡರಷ್ಟಾದರೆ ರುಚಿ ಸಪ್ಪೆಯಾಗತೊಡಗುತ್ತದೆ. ಅದಕ್ಕೆಂದೇ ತೋಟದವರು ಒಳಗೆ ಸೀಸದ ಹಾಳೆ, ಆಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಮರದ ಪೆಟ್ಟಿಗೆಗಳಲ್ಲಿ ಚಹಾ ಕಳಿಸುತ್ತಿದ್ದರು. ಆ ಕಾಪು ಇದ್ದದ್ದು ಸಗಟು ವ್ಯಾಪಾರಿಯವರೆಗೆ ಮಾತ್ರ. 1930ರ ದಶಕದಲ್ಲಿ ಅಸ್ಸಾಮಿನ ಅಮ್‌ಗೂರಿ ತೋಟದಲ್ಲಿ ವಿಲಿಯಂ ಮೆಕೆರ್ಚರ್ ರೂಪಿಸಿದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಕಾಳಾಗಿಸಿತು. ಹಾಲು ಹಾಕಿ ಕುದಿಸಿದರೆ ಈ ಕಾಳು ಕಡಿಮೆ ಖರ್ಚಿನಲ್ಲಿ ಗಾಢ ಬಣ್ಣ ಬಿಡುತ್ತದೆ. ಆದರೆ ಇಡೀ ಎಲೆಗಿಂತ ಗಾಳಿಗೆ ಹೆಚ್ಚು ಮೈಯೊಡ್ಡುವುದರಿಂದ ಪರಿಮಳವನ್ನೂ ಬೇಗ ಕಳೆದುಕೊಳ್ಳುತ್ತದೆ.

ಬಡತನವೊಂದೇ ಕಾರಣ, ದುಡ್ಡಿದ್ದರೆ ಅದನ್ನೂ ಕೂಡಿಡುತ್ತಿದ್ದರು ಎಂಬುದು ಇನ್ನೊಂದು ಆಕ್ಷೇಪ. ಅದು ಅರ್ಧ ನಿಜ. ಹಗೇವಿನ ಜೋಳಕ್ಕೆ ಬರಗಾಲದಲ್ಲಿ ಬೆಲೆ ಏರುತ್ತಿತ್ತು, ಇಟ್ಟಷ್ಟೂ ಲಾಭ. ಚೀನಾದ ಯುನ್ನಾನಿನ ಪು‌ಅರ್ ಚಹಾವನ್ನು ಜನ ವರ್ಷಗಟ್ಟಲೆ ಇಡುವುದೂ ಇಟ್ಟಷ್ಟು ಅದು ಮಾಗುತ್ತದೆಂದೇ. ಅಸ್ಸಾಮಿನ, ನೀಲಗಿರಿಯ ಕಪ್ಪು ಚಹಾ ಮಾಗುವುದಿಲ್ಲ, ಸೊರಗುತ್ತದೆ. ಸಿರಿವಂತನಿಗೂ ಅದನ್ನು ಕೂಡಿಡಲು ಕಾರಣವಿರಲಿಲ್ಲ. ವಾರಕ್ಕೊಮ್ಮೆ ಪೊಟ್ಟಣ ತಂದು ಸಣ್ಣ ಡಬ್ಬಿಗೆ ಸುರಿದುಕೊಂಡ ಗೃಹಿಣಿಯ ನಡೆ ಅಸಡ್ಡೆಯದಲ್ಲ, ಸರಿಯಾದ ಲೆಕ್ಕದ್ದು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಬಗೆಬಗೆಯ ಚಹಾ ಸಂಗ್ರಹಿಸುವವರಷ್ಟೇ ಚಹಾ ಬಲ್ಲವರು ಎಂಬ ಮಾತು ಈಗ ಕೇಳಿಬರುತ್ತಿದೆ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಸಿರುಗುಪ್ಪದ ಸುತ್ತ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರುಂಡ ನೆಲದಲ್ಲಿ ಹಗೇವು ನಿಲ್ಲದು, ಭತ್ತಕ್ಕೆ ಅದು ಬೇಕಾಗಿಯೂ ಇಲ್ಲ. ಗಿರಣಿ ಹತ್ತಿರವಾಯಿತು, ನಾಟಿ, ಕಟಾವಿನ ಕೂಲಿ ರೊಕ್ಕವಾಗಿ ಕೈಗೆ ಬಂತು. ವರ್ಷದ ದಾಸ್ತಾನು ಹಿಂದೆ ಸರಿದು ವಾರದ ಖರೀದಿ ಮುಂದೆ ಬಂದ ಕಾಲದಲ್ಲೇ ಚಹಾ ಎಲ್ಲರದಾಯಿತು. ಚಹಾದಿಂದಲೇ ಈ ಬದಲಾವಣೆ ಆಯಿತೆಂದಲ್ಲ, ಬದಲಾವಣೆಗೆ ಚಹಾ ಹೇಳಿಮಾಡಿಸಿದಂತೆ ಹೊಂದಿಕೊಂಡಿತು.

ಇಂದು ನಾಲ್ಕಾರು ಬಗೆಯ ಚಹಾ ಮನೆಯಲ್ಲಿಡಬಯಸುವವರು ಮೊದಲು ಈ ಸೀಮೆಯ ಹವೆಯನ್ನು ನೋಡಬೇಕು. ಬಳ್ಳಾರಿ, ಕುರುಗೋಡಿನಲ್ಲಿ ವರ್ಷದ ಹೆಚ್ಚು ಕಾಲ ತೇವಕ್ಕಿಂತ ದೊಡ್ಡ ಶತ್ರು ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಬೆಳಕು, ಮೆಣಸಿನಕಾಯಿ ಮತ್ತು ಇಂಗಿನ ಘಾಟು. ಕಾಲುವೆಯ ಸಿರುಗುಪ್ಪದಲ್ಲಿ ಮಳೆಗಾಲದ ತೇವವೂ ಸೇರುತ್ತದೆ. ಗಾಜಿನ ಭರಣಿ ನೋಡಲು ಚೆಂದ, ಚಹಾಕ್ಕೆ ಕೇಡು. ಬಿಗಿ ಮುಚ್ಚಳದ ತಗಡಿನ ಅಥವಾ ಸ್ಟೀಲಿನ ಡಬ್ಬಿ, ಕಂಠದವರೆಗೆ ತುಂಬಿದ್ದು, ಒಲೆಯಿಂದಲೂ ಮಸಾಲೆಯಿಂದಲೂ ದೂರ. ಒಂದು ಮುಗಿಯುವವರೆಗೆ ಇನ್ನೊಂದರ ಬಾಯಿ ತೆರೆಯದಿರುವುದು.