ಚಕ್ರವರ್ತಿಗೆ ಸಾಲ ಕೊಟ್ಟ ಸಾಹುಕಾರ

1523ರಲ್ಲಿ ಒಬ್ಬ ವ್ಯಾಪಾರಿ ಚಕ್ರವರ್ತಿ ಐದನೇ ಚಾರ್ಲ್ಸ್‌ಗೆ ಪತ್ರ ಬರೆದ. ವಿನಯದ ಮಾತುಗಳ ಒಳಗಿದ್ದ ತಿರುಳು ಇಷ್ಟೇ: ನನ್ನ ಹಣವಿಲ್ಲದಿದ್ದರೆ ತಮಗೆ ಕಿರೀಟ ದಕ್ಕುತ್ತಿರಲಿಲ್ಲ, ಬಾಕಿಯನ್ನು ಬಡ್ಡಿ ಸಮೇತ ಕೊಡಿಸಿ. ಹೀಗೆ ಬರೆದೂ ಅವನ ತಲೆ ಉಳಿಯಿತೆಂಬುದೇ ನಮಗೆ ಸೋಜಿಗ.

ಅವನು ಜರ್ಮನಿಯ ಆಗ್ಸ್‌ಬರ್ಗ್ ನಗರದ ಯಾಕೋಬ್ ಫುಗ್ಗರ್ (1459-1525). ಅವನ ಅಜ್ಜ ನೇಕಾರ. ರಾಜರಿಗೆ ಸಾಲ ಕೊಟ್ಟು ದಿವಾಳಿಯಾದವರು ಯುರೋಪಿನಲ್ಲಿ ಬಹಳ. ಫುಗ್ಗರ್ ನಂಬಿದ್ದು ರಾಜರ ಮಾತನ್ನಲ್ಲ, ಅವರ ನೆಲದಡಿಯ ಲೋಹವನ್ನು. ಟಿರೋಲ್‌ನ ದೊರೆ ಸಿಗಿಸ್ಮಂಡ್‌ಗೆ ಸಾಲ ಕೊಟ್ಟಾಗ ಶ್ವಾಟ್ಸ್ ಗಣಿಯ ಬೆಳ್ಳಿಯನ್ನು ಒತ್ತೆಯಾಗಿ ಬರೆಸಿಕೊಂಡ. ಕಡಿಮೆ ದರಕ್ಕೆ ಬೆಳ್ಳಿ ಪಡೆಯುವ ಹಕ್ಕು ದೊರೆಯದು. ಸಾಲ ತೀರುವವರೆಗೆ ಆ ಹಕ್ಕು ಫುಗ್ಗರ್‌ನ ಕೈಗೆ. ಮಾರುವುದು ಮಾತ್ರ ಪೇಟೆಯ ದರಕ್ಕೆ. 1494ರಿಂದ ಥುರ್ಜೋ ಕುಟುಂಬದೊಂದಿಗೆ ಸೇರಿ ಹಂಗೇರಿಯ ತಾಮ್ರದ ಗಣಿಗಳಿಗೂ ಕೈಹಾಕಿದ.

1519ರಲ್ಲಿ ಚಕ್ರವರ್ತಿಯ ಆಯ್ಕೆ ಏಳು ಮತದಾರರ ಕೈಯಲ್ಲಿತ್ತು. ಫ್ರಾನ್ಸಿನ ದೊರೆಯೂ ಸ್ಪರ್ಧೆಯಲ್ಲಿದ್ದ. ಚಾರ್ಲ್ಸ್‌ಗಾಗಿ ಖರ್ಚಾದದ್ದು ಸುಮಾರು 8.5 ಲಕ್ಷ ಗುಲ್ಡನ್, ಅದರಲ್ಲಿ 5.4 ಲಕ್ಷಕ್ಕೂ ಹೆಚ್ಚು ಫುಗ್ಗರ್‌ನದು. ಮತ ಖರೀದಿ ನಮ್ಮ ಕಾಲದ ಕಾಯಿಲೆಯೆಂದು ಕೊರಗುವವರು ಗಮನಿಸಬೇಕು.

ಇನ್ನು ಬಡ್ಡಿಯ ವಿಷಯ. ಅದು ಚರ್ಚಿನ ದೃಷ್ಟಿಯಲ್ಲಿ ಪಾಪ. ಆದರೆ 1515ರಲ್ಲಿ ಬೊಲೋನ್ಯಾದಲ್ಲಿ ಯೋಹಾನ್ ಎಕ್ ಎಂಬ ಧರ್ಮಪಂಡಿತ ಶೇ. 5ರ ಲಾಭ ಸಲ್ಲುತ್ತದೆಂದು ವಾದಿಸಿದ, ಫುಗ್ಗರ್‌ನ ಬೆಂಬಲದಿಂದಲೇ. ಅದೇ ಸುಮಾರಿಗೆ ಆಲ್ಬ್ರೆಕ್ಟ್ ಎಂಬ ರಾಜಕುವರ ಮೈನ್ಸ್‌ನ ಆರ್ಚ್‌ಬಿಷಪ್ ಪದವಿಗಾಗಿ ರೋಮಿಗೆ ತೆರಬೇಕಾದ ಹಣವನ್ನು ಫುಗ್ಗರ್‌ನಿಂದ ಸಾಲ ತಂದ. ತೀರಿಸಲು ಪಾಪವಿಮೋಚನೆಯ ಪತ್ರಗಳ ಮಾರಾಟ! ಅರ್ಧ ಹಣ ರೋಮಿಗೆ, ಇನ್ನರ್ಧ ಸಾಲಕ್ಕೆ. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಈ ಮಾರಾಟದ ವಿರುದ್ಧವೇ.

ನಮ್ಮ ಕರಾವಳಿಗೂ ಈ ಹಣದ ನೆರಳು ತಾಕಿದೆ. 1505ರಲ್ಲಿ ಅಲ್ಮೇಡಾನ ಪೋರ್ಚುಗೀಸ್ ನೌಕಾಪಡೆಯ ಜೊತೆ ಕಾಳುಮೆಣಸಿಗೆ ಹೊರಟ ಹಡಗುಗಳಲ್ಲಿ ಫುಗ್ಗರ್‌ನ 4,000 ಕ್ರುಝಾದೊ ಬಂಡವಾಳವಿತ್ತು. ಅದೇ ಪಡೆ ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ಕೋಟೆ ಕಟ್ಟಿ, ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿತು.

1525ರಲ್ಲಿ ಹಂಗೇರಿಯ ಗಣಿಕಾರ್ಮಿಕರು ದಂಗೆಯೆದ್ದರು. ಆ ವರ್ಷದ ಡಿಸೆಂಬರ್ 30ರಂದು ಫುಗ್ಗರ್ ತೀರಿಕೊಂಡ. ಆಗ್ಸ್‌ಬರ್ಗ್‌ನ ಬಡವರಿಗೆ ಅವನು ಕಟ್ಟಿಸಿದ ಫುಗ್ಗರೈ ಎಂಬ ಕೇರಿ ಈಗಲೂ ಇದೆ. ವರ್ಷದ ಬಾಡಿಗೆ ಅಂದು ಒಂದು ಗುಲ್ಡನ್, ಇಂದು 88 ಸೆಂಟ್. ಜೊತೆಗೆ ದಾನಿಯ ಆತ್ಮಕ್ಕಾಗಿ ನಿವಾಸಿಗಳು ದಿನಕ್ಕೆ ಮೂರು ಪ್ರಾರ್ಥನೆ ಸಲ್ಲಿಸಬೇಕು.