ಬಲಿದಾನ (ಚದುರಂಗ)

ಬಲಿದಾನವು ಚದುರಂಗದಲ್ಲಿ ಬೇರೊಂದು ಲಾಭಕ್ಕಾಗಿ ತನ್ನ ಕಾಯಿಯೊಂದನ್ನು ಉದ್ದೇಶಪೂರ್ವಕವಾಗಿ ಎದುರಾಳಿಗೆ ಬಿಟ್ಟುಕೊಡುವ ನಡೆಯಾಗಿದೆ. ಗಮನವಿಲ್ಲದೆ ಕಾಯಿಯನ್ನು ಕಳೆದುಕೊಳ್ಳುವುದು ಪ್ರಮಾದವೆನಿಸುತ್ತದೆ. ಎರಡರಲ್ಲೂ ಕಣ್ಣಿಗೆ ಕಾಣುವ ನಷ್ಟ ಒಂದೇ ಆಗಿರುವುದರಿಂದ, ಇವುಗಳ ವ್ಯತ್ಯಾಸವನ್ನು ಗುರುತಿಸುವುದು ಹೊಸ ಆಟಗಾರರ ಕಲಿಕೆಯಲ್ಲಿ ಮುಖ್ಯವಾದ ಹಂತವಾಗಿದೆ.

ಕಾಯಿಗಳ ಮೌಲ್ಯ

ನಷ್ಟವನ್ನು ಅಳೆಯಲು ಸಾಮಾನ್ಯವಾಗಿ ಕಾಲಾಳಿಗೆ 1, ಕುದುರೆ ಮತ್ತು ಒಂಟೆಗೆ ತಲಾ 3, ಆನೆಗೆ 5, ಮಂತ್ರಿಗೆ 9 ಅಂಕಗಳನ್ನು ನೀಡಲಾಗುತ್ತದೆ. ರಾಜನ ಸುರಕ್ಷತೆ ಹಾಗೂ ಕಾಯಿಗಳ ಚಲನಶೀಲತೆ ಈ ಲೆಕ್ಕದಲ್ಲಿ ಸೇರುವುದಿಲ್ಲ. ಬಲಿದಾನದ ಫಲ ಹೆಚ್ಚಾಗಿ ಇವುಗಳಲ್ಲಿಯೇ ದೊರೆಯುತ್ತದೆ.

ವಿಧಗಳು

ಆಸ್ಟ್ರಿಯಾದ ಆಟಗಾರ ರುಡಾಲ್ಫ್ ಸ್ಪೀಲ್‌ಮನ್ 1935ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಲಿದಾನಗಳನ್ನು ಎರಡಾಗಿ ವಿಂಗಡಿಸಿದರು. ಫಲಿತಾಂಶವನ್ನು ಮೊದಲೇ ಲೆಕ್ಕಹಾಕಲು ಸಾಧ್ಯವಿರುವುದು ತೋರಿಕೆಯ ಬಲಿದಾನ. ಲಾಭವನ್ನು ಪೂರ್ಣವಾಗಿ ಲೆಕ್ಕಹಾಕಲಾಗದೆ, ಸ್ಥಾನದ ಅಂದಾಜಿನ ಮೇಲೆ ಅಪಾಯವನ್ನು ಸ್ವೀಕರಿಸುವುದು ನಿಜವಾದ ಬಲಿದಾನ.

ಉದಾಹರಣೆ: ಲೆಗಾಲ್ ಮೇಟ್

ಫಿಲಿಡೋರ್‌ನ ಗುರುವಾಗಿದ್ದ 18ನೆಯ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್‌ನ ಹೆಸರನ್ನು ಈ ತಂತ್ರಕ್ಕೆ ಇಡಲಾಗಿದೆ. ಇದರ ಒಂದು ಸರಳ ರೂಪ ಹೀಗಿದೆ:

1. ಬಿಳಿ: ಕಾಲಾಳು ಇ4, ಕಪ್ಪು: ಕಾಲಾಳು ಇ5
2. ಬಿಳಿ: ಕುದುರೆ ಎಫ್3, ಕಪ್ಪು: ಕಾಲಾಳು ಡಿ6
3. ಬಿಳಿ: ಒಂಟೆ ಸಿ4, ಕಪ್ಪು: ಒಂಟೆ ಜಿ4
4. ಬಿಳಿ: ಕುದುರೆ ಸಿ3, ಕಪ್ಪು: ಕಾಲಾಳು ಜಿ6

ಐದನೆಯ ನಡೆಯಲ್ಲಿ ಬಿಳಿಯ ಕುದುರೆಯು ಎಫ್3ರಿಂದ ಹೊರಟು ಇ5ರ ಕಾಲಾಳನ್ನು ಹೊಡೆಯುತ್ತದೆ. ಇದರಿಂದ ಬಿಳಿಯ ಮಂತ್ರಿ ಕಪ್ಪು ಒಂಟೆಗೆ ತುತ್ತಾಗುವಂತಾಗುತ್ತದೆ. ಕಪ್ಪು ಆ ಮಂತ್ರಿಯನ್ನು ಹೊಡೆದರೆ, ಬಿಳಿಯ ಒಂಟೆ ಎಫ್7ರ ಕಾಲಾಳನ್ನು ಹೊಡೆದು ಚೆಕ್ ನೀಡುತ್ತದೆ. ರಾಜನು ಇ7ಕ್ಕೆ ಸರಿಯಲೇಬೇಕು. ಆಗ ಸಿ3ರ ಕುದುರೆ ಡಿ5ಕ್ಕೆ ಬಂದು ಚೆಕ್‌ಮೇಟ್ ಮಾಡುತ್ತದೆ. ಕಪ್ಪು ಮಂತ್ರಿಯನ್ನು ಬಿಟ್ಟು ಇ5ರ ಕುದುರೆಯನ್ನು ಹೊಡೆದರೂ, ಬಿಳಿಯ ಮಂತ್ರಿ ಜಿ4ರ ಒಂಟೆಯನ್ನು ಪಡೆಯುವುದರಿಂದ ಬಿಳಿಗೆ ಒಂದು ಕಾಲಾಳಿನ ಲಾಭ ಉಳಿಯುತ್ತದೆ.

ನಾಲ್ಕನೆಯ ನಡೆಯಲ್ಲಿ ಕಪ್ಪು ಜಿ6ರ ಬದಲು ಕುದುರೆಯನ್ನು ಸಿ6ಕ್ಕೆ ತಂದಿದ್ದರೆ ಇದೇ ನಡೆ ಪ್ರಮಾದವಾಗುತ್ತದೆ. ಆ ಕುದುರೆಯು ಇ5ರಲ್ಲಿ ಬಿಳಿಯ ಕುದುರೆಯನ್ನು ಹೊಡೆದು, ಜಿ4ರ ಒಂಟೆಗೂ ರಕ್ಷಣೆ ನೀಡುತ್ತದೆ. ಬಿಳಿಗೆ ಒಂದು ಕಾಲಾಳಿಗೆ ಪ್ರತಿಯಾಗಿ ಕುದುರೆಯೇ ನಷ್ಟವಾಗುತ್ತದೆ.

ಆಟದ ನಂತರದ ವಿಶ್ಲೇಷಣೆ

ಲಿಚೆಸ್ ಮೊದಲಾದ ಅಂತರಜಾಲ ತಾಣಗಳು ಆಡಿದ ಆಟವನ್ನು ಸ್ಟಾಕ್‌ಫಿಶ್‌ನಂತಹ ತಂತ್ರಾಂಶದ ಮೂಲಕ ಪರಿಶೀಲಿಸುತ್ತವೆ. ಪ್ರತಿ ನಡೆಯ ಹಿಂದಿನ ಮತ್ತು ನಂತರದ ಮೌಲ್ಯಾಂಕನವನ್ನು ಹೋಲಿಸಿ, ಕುಸಿತದ ಪ್ರಮಾಣಕ್ಕನುಗುಣವಾಗಿ ಶಂಕಾಸ್ಪದ ನಡೆಗೆ "?!", ತಪ್ಪಿಗೆ "?", ಪ್ರಮಾದಕ್ಕೆ "??" ಚಿಹ್ನೆ ನೀಡಲಾಗುತ್ತದೆ. ಉತ್ತಮ ನಡೆಯನ್ನು "!" ಚಿಹ್ನೆಯಿಂದ ಸೂಚಿಸುವುದು ರೂಢಿ.

ಚಿಹ್ನೆಯು ತಪ್ಪನ್ನು ತೋರಿಸುತ್ತದೆಯೇ ಹೊರತು ಅದರ ಕಾರಣವನ್ನು ವಿವರಿಸುವುದಿಲ್ಲ. ಆದ್ದರಿಂದ ಮೊದಲು ತಂತ್ರಾಂಶದ ನೆರವಿಲ್ಲದೆ ಆಟವನ್ನು ಪುನಃ ನಡೆಸಿ, ಬಿಟ್ಟುಕೊಟ್ಟ ಕಾಯಿಯನ್ನು ಎದುರಾಳಿ ಸ್ವೀಕರಿಸಿದರೆ ಏನಾಗುತ್ತದೆ, ನಿರಾಕರಿಸಿದರೆ ಏನಾಗುತ್ತದೆ ಎಂದು ಪರಿಶೀಲಿಸುವುದು ಉಪಯುಕ್ತ. ಎದುರಾಳಿಯು ತಪ್ಪಾಗಿ ಉತ್ತರಿಸಿದ್ದರಿಂದ ಗೆಲುವು ದೊರೆತಿದ್ದರೆ, ಆ ಗೆಲುವಿನಿಂದ ಬಲಿದಾನವು ಸರಿಯಾಗಿತ್ತೆಂದು ಸಿದ್ಧವಾಗುವುದಿಲ್ಲ.