ನನ್ನ ಕತಿ, ಯಾರ ಕತಿ? (ಭಾಗ 4)

ಹೋದ ಭಾಗದಾಗ ‘ಸಂಕ್ರಮಣ’ದ ಬಗ್ಗೆ ಬರೆದಿದ್ದೆ. 1964ರಲ್ಲಿ ಧಾರವಾಡದಾಗ ಚಂಪಾ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ಶುರು ಮಾಡಿದ ಸಣ್ಣ ಪತ್ರಿಕೆ ಅದು. ಅದನ್ನ ಓದಿ ನಿಮ್ಮಲ್ಲೇ ಒಬ್ಬರು ಕೇಳಿದ್ರಿ: ‘ಝೀನ್ ಅಂದ್ರೂ ಇದೇ ಏನು?’

ಪೂರ್ತಿ ಅಲ್ಲ. ಸಣ್ಣ ಪತ್ರಿಕೆಗೆ ಸಂಪಾದಕರು ಇರ್ತಾರ. ಝೀನ್‌ಗೆ ನೀವೇ ಎಲ್ಲಾ: ಬರೆಯೋರು, ಮಡಚೋರು, ಹಂಚೋರು. ಆದ್ರ ಎರಡರ ಹಸಿವೂ ಒಂದೇ. ದೊಡ್ಡ ಪತ್ರಿಕೆಯಲ್ಲಿ ಜಾಗ ಸಿಗದ ಮಾತಿಗೆ ಜಾಗ ಮಾಡಿಕೊಡೋದು.

ಆ ಜಾಗ ಏನು ಮಾಡಬಲ್ಲದು ನೋಡ್ರಿ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಝೀನ್ ಅಲ್ಲ, ವಾರಪತ್ರಿಕೆ. ಜಾಹೀರಾತು ಮಾತ್ರ ತಗೋತಿರಲಿಲ್ಲ, ಓದುಗರ ದುಡ್ಡಿನ ಮ್ಯಾಲೇ ನಡೀತಿತ್ತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಹಾಸನದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಅಲ್ಲೇ. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಮನೆಯೊಳಗಿನ ಹೆಣ್ಣಿನ ನೋವು ಸರ್ಕಾರಿ ದಾಖಲೆಯಲ್ಲಿ ಸಿಗಲ್ಲ, ಇಂಥ ಪುಟಗಳಲ್ಲಿ ಸಿಗುತ್ತೆ. ಸ್ವಂತ ಬರಹದ ಬಲ ಇದು.

ಈಗ ಇನ್ನೊಂದು ಮಗ್ಗಲು. ಸಾರಾ ಬರೆದದ್ದು ಕಾದಂಬರಿ. ನಾದಿರಾ ಅನ್ನೋ ಪಾತ್ರದ ಸೆರಗಿನ ಹಿಂದೆ ನಿಜವಾದ ಎಷ್ಟೋ ಹೆಣ್ಮಕ್ಕಳು ಮುಖ ಮರೆಸಿ ನಿಲ್ಲಬಹುದು. ‘ನಾನು’ ಅಂತ ನೇರ ಬರೆದ್ರ ಆ ಸೆರಗು ಇರಲ್ಲ.

ನನಗ ಇದು ತಿಳಿದದ್ದು ತಪ್ಪು ಮಾಡಿ. ಹೋದ ವರ್ಷ ಎ4 ಹಾಳೆ ಮಡಚಿ ಎಂಟು ಪುಟದ ಝೀನ್ ಮಾಡಿದ್ದೆ. ಸಾಲಕ್ಕ ನಮ್ಮ ಚಿಗವ್ವನ ಬಂಗಾರ ಮಾರಿದ್ದನ್ನ ಬರೆದೆ. ಹೆಸರು ಹಾಕಿರಲಿಲ್ಲ. ಆದ್ರ ದೇವದುರ್ಗ ಎಷ್ಟು ದೊಡ್ಡ ಊರು ಹೇಳ್ರಿ? ಬಸ್‌ಸ್ಟ್ಯಾಂಡ್ ಹತ್ರ ಝೆರಾಕ್ಸ್ ಮಾಡಿಸಿದ ಹಾಳೆ ಮೂರೇ ದಿನಕ್ಕ ಅವಳ ಕೈಗೆ ಮುಟ್ಟಿತು. ಆಕೆ ಬೈಲಿಲ್ಲ. ‘ಇದು ನಿನ್ನ ಕತಿ ಏನು, ನಂದಾ?’ ಅಂದಳು, ಅಷ್ಟೇ.

ಉತ್ತರ ಬರಲಿಲ್ಲ. ಬರೆದದ್ದು ಸುಳ್ಳಲ್ಲ, ಆದ್ರ ಅರ್ಧ. ಆ ಬಂಗಾರ ಮಾರೋಣ ಅಂತ ಮೊದಲು ಹೇಳಿದಾಕೆ ಆಕಿನೇ ಅಂತ, ನನಗ ಆಮ್ಯಾಲೆ ಗೊತ್ತಾತು. ನಾನು ಆಕಿನ್ನ ಬರೀ ಅಳೋ ಹೆಂಗಸು ಮಾಡಿಟ್ಟಿದ್ದೆ.

ಝೀನ್‌ಗೆ ಯಾರ ಅಪ್ಪಣೆಯೂ ಬೇಡ, ಅದೇ ಅದರ ಬಲ. ಅಚ್ಚಿಗೆ ಮುಂಚೆ ಎರಡನೇ ಕಣ್ಣು ನೋಡಲ್ಲ, ಅದೇ ಅದರ ಸೋಲು. ಸಂಪಾದಕರು ಬ್ಯಾಡ ಅಂದ್ರ ಬಿಡ್ರಿ, ಆದ್ರ ಯಾರ ಬದುಕು ಬರೀತೀರೋ ಅವರಿಗೆ ಒಮ್ಮೆ ಓದಿ ಹೇಳ್ರಿ.

ಎರಡನೇ ಝೀನ್ ಬರೀತಿದೀನಿ. ಈ ಸಲ ಚಿಗವ್ವ ಹೇಳ್ತಾಳ, ನಾನು ಬರ್ಕೋತೀನಿ. ಕೆಲವು ಸಾಲು ‘ಹೊಡೆದ್ಹಾಕು’ ಅಂದಳು. ಹೊಡೆದ್ಹಾಕೀನಿ.

ನೀವು ಯಾರ ಕತಿ ಬರೀಬೇಕು ಅಂತೀರಿ? ಮೊದಲು ಅವರನ್ನ ಕೇಳಿದ್ರೇನು?

#ಸಣ್ಣಪತ್ರಿಕೆ #ಝೀನ್ #ದೇವದುರ್ಗ #ರಾಯಚೂರು